ಬೂದಿ ಹಾಕಿದ ಕ್ಯೂಬ್‌ಗಳು ಸೊರಗಿವೆ, ಥೀಸಿಸ್‌ನಲ್ಲಿ ಏನು ಬರೆಯಲಿ?

ಕ್ಯೂಬ್ ಕಾವಲುಗಾರ:

ಎಲ್ಲರಿಗೂ ನಮಸ್ಕಾರ. ಮಾಸ್ಟರ್ಸ್ ಪ್ರಾಜೆಕ್ಟ್‌ಗೆ, ಕಾಂಕ್ರೀಟ್‌ನಲ್ಲಿ ಸ್ವಲ್ಪ ಸಿಮೆಂಟ್ ಬದಲಿಗೆ ಹಾಕಿ ನೋಡಲು, ಭತ್ತದ ಹೊಟ್ಟಿನ ಬೂದಿ ತೆಗೆದುಕೊಂಡಿದ್ದೇನೆ. ಬಾಯ್ಲರ್‌ನಲ್ಲಿ ಉರಿದದ್ದು, ಬಣ್ಣ ಹೆಚ್ಚುಕಮ್ಮಿ ಕಪ್ಪೇ. ಜರಡಿ ಹಿಡಿದು, ಸಿಮೆಂಟ್ ಬದಲಿಗೆ ತೂಕದ ಲೆಕ್ಕದಲ್ಲಿ ಶೇ. 5, 10, 15, 20 ಹಾಕಿದೆ. 15ಕ್ಕೆ ಬರುವ ಹೊತ್ತಿಗೆ ಮಿಕ್ಸ್ ಒಣ ಮಣ್ಣಿನ ಹಾಗೆ ಆಗಿ ಸ್ಲಂಪ್ (ಹಸಿ ಕಾಂಕ್ರೀಟ್ ಎಷ್ಟು ಕುಸಿಯುತ್ತದೆ ಅನ್ನುವ ಅಳತೆ) ಸೊನ್ನೆಗೆ ಬಂತು, ಹಾಗಾಗಿ ಸ್ವಲ್ಪ ನೀರು ಜಾಸ್ತಿ ಹಾಕಿ ಸರಿ ಮಾಡಿಕೊಂಡೆ. ಈಗ 7 ದಿನಕ್ಕೆ ಕ್ಯೂಬ್ (ಶಕ್ತಿ ಅಳೆಯಲು ಅಚ್ಚಿನಲ್ಲಿ ಹಾಕುವ ಕಾಂಕ್ರೀಟ್ ಗಟ್ಟಿ) ಒಡೆದು ನೋಡಿದರೆ, ಶೇ. 20ರದ್ದರ ಶಕ್ತಿ ಬೂದಿ ಇಲ್ಲದ ಮಿಕ್ಸ್‌ನ ಅರ್ಧದಷ್ಟೂ ಬಂದಿಲ್ಲ. 10ರದ್ದು ಪರವಾಗಿಲ್ಲ. ನಾನು ಓದಿದ ಪೇಪರ್‌ಗಳಲ್ಲಿ ಹೆಚ್ಚಿನವು ಶೇ. 10 ಒಳ್ಳೆಯದು ಅಂತಲೇ ಮುಗಿಯುತ್ತವೆ. ನಾನೂ ಹಾಗೇ ಬರೆದು ಕೈ ತೊಳೆದುಕೊಳ್ಳಲಾ? ಅಥವಾ ನನ್ನ ಬೂದಿಯೇ ಸರಿ ಇಲ್ವಾ?

ಹಳೇ ಲ್ಯಾಬ್:

ನೀರು ಜಾಸ್ತಿ ಹಾಕಿದೆ ಅಂದ್ರಲ್ಲ, ನಾನು ಅಲ್ಲೇ ನಿಂತುಬಿಟ್ಟೆ. ಒಂದೇ ಮಿಕ್ಸ್‌ನಲ್ಲಿ ಎರಡು ಬದಲಾವಣೆ ಮಾಡಿದ್ದೀರಿ. ಬೂದಿಯೂ ಬದಲಾಯಿತು, ನೀರೂ ಬದಲಾಯಿತು. ಈಗ ಶಕ್ತಿ ಬಿದ್ದದ್ದು ಯಾವುದರಿಂದ ಅಂತ ಯಾರಿಗೂ ಹೇಳಲಾಗುವುದಿಲ್ಲ. ನೀರು ಹಾಗೇ ಇಟ್ಟು ಸೂಪರ್‌ಪ್ಲಾಸ್ಟಿಸೈಜರ್ (ನೀರು ಹೆಚ್ಚಿಸದೆ ಮಿಕ್ಸ್ ಸಡಿಲ ಮಾಡುವ ಕೆಮಿಕಲ್) ಏರಿಸಬೇಕಿತ್ತು.

ಇನ್ನು ಬಣ್ಣ. ಬೂದಿ ಕಪ್ಪಗಿದೆ ಅಂದರೆ ಅದರಲ್ಲಿ ಸುಡದೆ ಉಳಿದ ಇಂಗಾಲ ಇದೆ. ಅದು ನೀರನ್ನೂ ಕುಡಿಯುತ್ತದೆ, ನೀವು ಹಾಕುವ ಕೆಮಿಕಲ್ಲನ್ನೂ ಕುಡಿಯುತ್ತದೆ. ಮೊದಲು ಕುಲುಮೆಯಲ್ಲಿಟ್ಟು ಸುಟ್ಟು ಎಷ್ಟು ತೂಕ ಹೋಯಿತು ನೋಡಿ. ಕಲ್ಲಿದ್ದಲಿನ ಹಾರುಬೂದಿಗೆ ಅಮೆರಿಕದ ಎಎಸ್‌ಟಿಎಂ ಸಿ618 ಅನ್ನುವ ಮಾನದಂಡ ಇದಕ್ಕೆ ಇಟ್ಟಿರುವ ಮಿತಿ ಶೇ. 6. ನಿಮ್ಮದು ಅದನ್ನು ಸುಲಭವಾಗಿ ದಾಟುತ್ತದೆ ಅನಿಸುತ್ತದೆ.

ಆದರೆ ಬಿಳಿ ಬೂದಿ ಎಂದಾಕ್ಷಣ ಒಳ್ಳೆಯದು ಅಂತಲೂ ಅಲ್ಲ, ಇಲ್ಲೇ ಎಲ್ಲರೂ ಎಡವುವುದು. ಹೊಟ್ಟಿನ ತೂಕದ ಸುಮಾರು ಐದನೇ ಒಂದು ಪಾಲು ಬೂದಿಯಾಗಿ ಉಳಿಯುತ್ತದೆ. ಆ ಬೂದಿಯಲ್ಲಿ ಬಹುಪಾಲು ಸಿಲಿಕಾ. 700 ಡಿಗ್ರಿ ಸೆಲ್ಸಿಯಸ್ ಒಳಗೆ ಸುಟ್ಟರೆ ಆ ಸಿಲಿಕಾ ಗಾಜಿನ ಹಾಗೆ ಅಸ್ತವ್ಯಸ್ತವಾಗಿರುತ್ತದೆ, ಸಿಮೆಂಟ್ ಬಿಟ್ಟುಕೊಡುವ ಸುಣ್ಣದ ಜೊತೆ ಕೂಡಿ ಅಂಟಾಗುತ್ತದೆ. ಬಿಸಿ ಅದಕ್ಕಿಂತ ತುಂಬಾ ಏರಿ, ಹೆಚ್ಚು ಹೊತ್ತು ಉಳಿದರೆ ಹರಳುಗಟ್ಟುತ್ತದೆ. ಆಮೇಲೆ ಅದು ಬರೀ ನುಣ್ಣನೆ ಮರಳು. ಬಾಯ್ಲರ್‌ನವರಿಗೆ ಬೇಕಾದದ್ದು ಹಬೆ, ನಿಮ್ಮ ಸಿಲಿಕಾದ ಚಿಂತೆ ಅವರಿಗೆ ಯಾಕೆ? ಒಂದು ಎಕ್ಸ್‌ಆರ್‌ಡಿ (ಎಕ್ಸ್-ರೇ ಹಾಯಿಸಿ ಹರಳು ಇದೆಯಾ ನೋಡುವ ಪರೀಕ್ಷೆ) ಮಾಡಿಸಿ, ಗೊತ್ತಾಗುತ್ತದೆ.

ಸೈಟ್ ಮನುಷ್ಯ:

ಬೇಜಾರು ಮಾಡ್ಕೋಬೇಡಿ, ಸುಮ್ನೆ ಕೇಳ್ತೀನಿ. ಇಂಥ ಥೀಸಿಸ್ ಪ್ರತಿ ವರ್ಷ ರಾಶಿ ರಾಶಿ ಬರುತ್ತಲ್ಲ, ನಮಗೆ ಸೈಟ್‌ನಲ್ಲಿ ಇದರಿಂದ ಏನು ಬಂತು? ನಮಗೆ ಬೇಕಾಗಿರುವುದು ಬೇಗ ಶಟರಿಂಗ್ ಬಿಚ್ಚುವುದು. ಒಂದು ಲೋಡ್ ಬೂದಿ ಒಂದು ಥರ, ಮುಂದಿನ ಲೋಡ್ ಇನ್ನೊಂದು ಥರ. ಅದನ್ನು ನಂಬಿ ಸ್ಲ್ಯಾಬ್ ಹಾಕೋದು ಹೇಗೆ?

ಸುಣ್ಣದಕಲ್ಲು:

ಲೋಡ್‌ನಿಂದ ಲೋಡ್‌ಗೆ ಬದಲಾಗುತ್ತದೆ ಅನ್ನುವುದು ನಿಜ, ಒಪ್ಪಿದೆ. ಆದರೆ ಇದೆಲ್ಲ ಯಾಕೆ ಅನ್ನುವುದಕ್ಕೆ ಲೆಕ್ಕ ಇದೆ. ಸಿಮೆಂಟ್ ಹುಟ್ಟುವುದೇ ಸುಣ್ಣದಕಲ್ಲಿನಿಂದ. 100 ಕೆಜಿ ಶುದ್ಧ ಸುಣ್ಣದಕಲ್ಲು ಸುಟ್ಟರೆ 56 ಕೆಜಿ ಸುಣ್ಣ, ಉಳಿದ 44 ಕೆಜಿ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ. ಇದು ಕಲ್ಲಿನೊಳಗಿನಿಂದಲೇ ಬರುವುದು. ಗೂಡನ್ನು ಸೋಲಾರ್‌ನಲ್ಲಿ ನಡೆಸಿದರೂ ನಿಲ್ಲುವುದಿಲ್ಲ. ಕ್ಲಿಂಕರ್ (ಗೂಡಿನಿಂದ ಬರುವ, ಅರೆದರೆ ಸಿಮೆಂಟ್ ಆಗುವ ಗಟ್ಟಿ) ಮಾಡಲು 1450 ಡಿಗ್ರಿ ಬೇಕು, ಆ ಇಂಧನದ್ದು ಬೇರೆ. ಹಾಗಾಗಿ ಕ್ಲಿಂಕರ್ ಕಡಿಮೆ ಮಾಡುವುದೇ ದಾರಿ. ಎಲ್‌ಸಿ3 ಅನ್ನುವ ಸಿಮೆಂಟ್‌ನಲ್ಲಿ ಅರ್ಧವೇ ಕ್ಲಿಂಕರ್, ಉಳಿದದ್ದು ಸುಟ್ಟ ಜೇಡಿಮಣ್ಣು, ಸುಣ್ಣದಕಲ್ಲಿನ ಪುಡಿ, ಒಂದಿಷ್ಟು ಜಿಪ್ಸಮ್. ಅದೂ ಯೂನಿವರ್ಸಿಟಿ ಲ್ಯಾಬ್‌ಗಳಲ್ಲಿ ಬೆಳೆದದ್ದೇ. ಹಾರುಬೂದಿಯೂ ಹಾಗೇ, 1937ರಲ್ಲಿ ಬರ್ಕ್ಲಿ ಯೂನಿವರ್ಸಿಟಿಯ ಡೇವಿಸ್ ಮತ್ತು ಜೊತೆಗಾರರು ಬರೆದ ಪೇಪರ್ ಆದ ಮೇಲೆ ಅಮೆರಿಕದ ಹಂಗ್ರಿ ಹಾರ್ಸ್ ಅಣೆಕಟ್ಟಿಗೆ ಹೋಯಿತು. ಅಲ್ಲಿ ನಿಧಾನ ಗಟ್ಟಿಯಾಗುವುದು ತೊಂದರೆಯಲ್ಲ. ಅಷ್ಟು ದಪ್ಪ ಕಾಂಕ್ರೀಟ್‌ನಲ್ಲಿ ಬಿಸಿ ಕಡಿಮೆ ಹುಟ್ಟುವುದೇ ಲಾಭ.

ಪ್ರಶ್ನೆ ಕೇಳಿದವರಿಗೆ: "ಶೇ. 10 ಒಳ್ಳೆಯದು" ಅಂತ ಬರೆಯುವ ಮುಂಚೆ ಒಂದು ಕೆಲಸ ಮಾಡಿ. ಬೂದಿ ಬದಲು ಅಷ್ಟೇ ನುಣುಪಿನ ಕ್ವಾರ್ಟ್ಜ್ ಪುಡಿಯನ್ನು ಅದೇ ಶೇ. 10, 20 ಹಾಕಿ ಕ್ಯೂಬ್ ಹಾಕಿ. ಕ್ವಾರ್ಟ್ಜ್ ಏನೂ ಮಾಡುವುದಿಲ್ಲ, ಸುಮ್ಮನೆ ಜಾಗ ತುಂಬುತ್ತದೆ. ಆದರೂ ಸಣ್ಣ ಕಣಗಳ ಮೇಲೆ ಸಿಮೆಂಟ್ ಚೆನ್ನಾಗಿ ಬೆಳೆಯುವುದರಿಂದ ಶಕ್ತಿ ಸ್ವಲ್ಪ ಉಳಿದುಕೊಳ್ಳುತ್ತದೆ. ನಿಮ್ಮ ಬೂದಿ ಅದಕ್ಕಿಂತ ಮೇಲೆ ಬಂದರೆ ಮಾತ್ರ ಅದು ಕೆಲಸ ಮಾಡುತ್ತಿದೆ ಅಂತ ಅರ್ಥ. ಶೇ. 20 ಬೂದಿ ಹಾಕಿ, ಬೂದಿ ಇಲ್ಲದ ಮಿಕ್ಸ್‌ನ ಶೇ. 75 ಶಕ್ತಿ ಬಂದರೆ ಪಾಸ್ ಅನ್ನುವ ಪರೀಕ್ಷೆ ಇದೆಯಲ್ಲ, ಅದರಲ್ಲಿ ಕ್ವಾರ್ಟ್ಜ್ ಕೂಡ ಪಾಸಾಗಿಬಿಡುತ್ತದೆ! ಅದಕ್ಕೇ ಈಗ ಆರ್3 ಅನ್ನುವ ಪರೀಕ್ಷೆ ಬಂದಿರುವುದು, ಸಿಮೆಂಟೇ ಇಲ್ಲದೆ ಸುಣ್ಣದ ಜೊತೆ ಬೂದಿ ಕಲಸಿ 40 ಡಿಗ್ರಿಯಲ್ಲಿ 7 ದಿನ ಎಷ್ಟು ಶಾಖ ಬಿಡುತ್ತದೆ ಅಂತ ಅಳೆಯುತ್ತಾರೆ.

ಕಸದಬುಟ್ಟಿ:

ನೀವು ಪುಣ್ಯವಂತರು, ಹೊಟ್ಟಿನ ಬೂದಿ ಸಿಕ್ಕಿದೆ. ನನಗೆ ಸಿಕ್ಕಿದ್ದು ಊರ ಕಸ ಸುಟ್ಟ ಬೂದಿ. ಕ್ಯೂಬ್ ಹಾಕಿ ಬೆಳಿಗ್ಗೆ ಬಂದು ನೋಡಿದರೆ ಅಚ್ಚಿನ ಮೇಲೆ ಉಬ್ಬಿ ನಿಂತಿತ್ತು, ಒಳಗೆಲ್ಲ ತೂತು. ಯಾರೋ ತಮಾಷೆಗೆ ಸೋಡಾ ಬೆರೆಸಿದ್ದಾರೆ ಅಂದುಕೊಂಡೆ. ಬೂದಿಯಲ್ಲಿದ್ದ ಅಲ್ಯೂಮಿನಿಯಂ ಚೂರುಗಳು ಸಿಮೆಂಟಿನ ಕ್ಷಾರಕ್ಕೆ ಹೈಡ್ರೋಜನ್ ಬಿಟ್ಟಿದ್ದವು. ಆಮೇಲೆ ಬೂದಿಯನ್ನು ಮೊದಲೇ ಕಾಸ್ಟಿಕ್ ಸೋಡಾ ನೀರಲ್ಲಿ ನೆನೆಸಿ ಅನಿಲ ಹೋಗಲು ಬಿಟ್ಟೆ. ಅಷ್ಟಾದರೂ ಕ್ಲೋರೈಡ್ ಇದ್ದೇ ಇತ್ತು, ಕಂಬಿ ಇರುವ ಕಾಂಕ್ರೀಟಿಗೆ ಬೇಡವೇ ಬೇಡ. ಸೀಸ, ಸತು ನೀರಿಗೆ ಇಳಿಯುತ್ತವೆಯಾ ಅನ್ನುವ ಪರೀಕ್ಷೆಯಲ್ಲೇ ನನ್ನ ಅರ್ಧ ವರ್ಷ ಹೋಯಿತು.

ಕ್ಯೂಬ್ ಕಾವಲುಗಾರ:

ಎಲ್ಲರಿಗೂ ಥ್ಯಾಂಕ್ಸ್. ಮೂರು ವಾರ ತಡವಾಗಿ ಬಂದೆ. ಸುಟ್ಟು ನೋಡಿದೆ, ಶೇ. 14 ಹೋಯಿತು. ಗೈಡ್‌ಗೆ ತೋರಿಸಿದೆ, ಅವರು ಒಂದು ನಿಮಿಷ ಸುಮ್ಮನಿದ್ದು "ಬಾಲ್ ಮಿಲ್ ಖಾಲಿ ಇದ್ಯಾ ನೋಡಿ" ಅಂದರು, ಅದೇ ಗುಂಡು ಹಾಕಿ ಅರೆಯುವ ಯಂತ್ರ. ಬೂದಿಯನ್ನು ಮತ್ತೆ ಸುಟ್ಟು ಅರೆದೆ, ನೀರು ಕಡಿಮೆ ಬೇಕಾಯಿತು. ನೀರು ಒಂದೇ ಇಟ್ಟು, ಕ್ವಾರ್ಟ್ಜ್ ಕ್ಯೂಬ್‌ಗಳನ್ನೂ ಜೊತೆಗೇ ಹಾಕಿದ್ದೇನೆ. 7 ದಿನಕ್ಕೆ ಶೇ. 10ರಲ್ಲಿ ಬೂದಿ, ಕ್ವಾರ್ಟ್ಜ್ ಎರಡೂ ಹೆಚ್ಚುಕಮ್ಮಿ ಒಂದೇ. ಸ್ವಲ್ಪ ನಿರಾಸೆ ಆಯ್ತು.

ಹಳೇ ಲ್ಯಾಬ್:

7 ದಿನಕ್ಕೇ ನಿರಾಸೆ ಯಾಕೆ? 28ಕ್ಕೂ, 90ಕ್ಕೂ ಕ್ಯೂಬ್ ಉಳಿಸಿಕೊಂಡಿದ್ದೀರಿ ತಾನೆ? ಮುರಿದ ಚೂರುಗಳನ್ನು ಎಸೆಯಬೇಡಿ. ಅವುಗಳ ಹೈಡ್ರೇಶನ್ (ಸಿಮೆಂಟ್ ನೀರಿನ ಜೊತೆ ಕೂಡುವ ಕ್ರಿಯೆ) ನಿಲ್ಲಿಸಿ ಟಿಜಿಎ (ಬಿಸಿ ಏರಿಸುತ್ತಾ ತೂಕ ಎಷ್ಟು ಇಳಿಯಿತು ಅಂತ ನೋಡುವ ಪರೀಕ್ಷೆ) ಮಾಡಿಸಿ, ಬೂದಿ ಜೊತೆ ಕೂಡಿ ಸುಣ್ಣ ಎಷ್ಟು ಕಡಿಮೆಯಾಗಿದೆ ಅಂತ ಕಾಣುತ್ತದೆ. ಅದೂ ನೈಟ್ರೋಜನ್‌ನಲ್ಲಿ ಮಾಡಿಸಿ. ಗಾಳಿಯಲ್ಲಿ ಮಾಡಿಸಿದರೆ ಉಳಿದ ಇಂಗಾಲವೂ ಉರಿದು ಲೆಕ್ಕ ಕೆಡುತ್ತದೆ.

ಕ್ಯೂಬ್ ಕಾವಲುಗಾರ:

90ಕ್ಕೆ ಮೂರೇ ಕ್ಯೂಬ್ ಇವೆ. ಕ್ಯೂರಿಂಗ್ ತೊಟ್ಟಿಯಲ್ಲಿ ಯಾರೂ ಮುಟ್ಟದ ಹಾಗೆ ಚೀಟಿ ಅಂಟಿಸಿದ್ದೇನೆ.