ಕ್ವೇಕರ್ ಸ್ಟಡಿ ಗ್ರೂಪ್‌ಗೆ ಕರೀತಿದಾರೆ, ಹೋಗ್ಲಾ ಬೇಡ್ವಾ?

ಕಾಫಿಪುಡಿ:
ಫಿಲಡೆಲ್ಫಿಯಾ ಹತ್ರ ಇದೀವಿ. ಪಕ್ಕದ್ಮನೆ ಆಂಟಿ ಕ್ವೇಕರ್ (ಕ್ರಿಶ್ಚಿಯನ್ನರಲ್ಲೇ ಒಂದು ಪಂಗಡ), ಅವ್ರ ಪ್ರಾರ್ಥನೆ ನಡೆಯೋ ಮೀಟಿಂಗ್‌ಹೌಸಲ್ಲಿ ಗುರುವಾರ ಸಂಜೆ ಸ್ಟಡಿ ಗ್ರೂಪ್ ಶುರುವಾಗ್ತಿದೆ ಬಾ ಅಂತಿದಾರೆ. ಜಾನ್ ವೂಲ್ಮನ್ ಅನ್ನೋರ ಬಗ್ಗೆ ಅಂತೆ, ಕಾಲ ಕೆಟ್ಟಾಗ ನಂಬಿದ್ದನ್ನ ನಡ್ಕೊಂಡು ತೋರ್ಸೋದು ಹೇಗೆ ಅಂತ. ನಾನು ಮನೇಲಿ ದಿನಾ ದೀಪ ಹಚ್ಚೋಳು, ಮತಾಂತರ ಗಿತಾಂತರ ಏನಾದ್ರೂ ಇರತ್ತಾ? ನ್ಯೂಸ್ ನೋಡಿ ನೋಡಿ ತಲೆ ಕೆಟ್ಟಿದೆ ನಿಜ, ಆದ್ರೆ ಹತ್ತು ಜನ ಕೂತು ಓದಿದ್ರೆ ಏನಾಗತ್ತೆ ಹೇಳಿ.

ಮೂಲೆಮನೆ:
ಆ ಭಯ ಬಿಡಿ, ನಿಮ್ ಕಡೆ ಹೆಚ್ಚಿನ ಮೀಟಿಂಗ್‌ಗಳಲ್ಲಿ (ಕ್ವೇಕರ್‌ಗಳು ತಮ್ಮ ಸಭೆಗೆ ಹೇಳೋದೇ ಹಾಗೆ) ಪಾದ್ರಿನೇ ಇರಲ್ಲ, ಭಾನುವಾರ ಎಲ್ರೂ ಸುಮ್ನೆ ಕೂತಿರ್ತಾರೆ, ಹೇಳ್ಲೇಬೇಕು ಅನ್ಸಿದೋರು ಎದ್ದು ಎರಡು ಮಾತಾಡಿ ಕೂತ್ಕೋತಾರೆ. ಸ್ಟಡಿಲೂ ಹೆಚ್ಚಾಗಿ ಹಾಗೇ. ಸ್ವಲ್ಪ ಓದ್ತಾರೆ, ಒಂದು ಪ್ರಶ್ನೆ ಇಡ್ತಾರೆ, ಆಮೇಲೆ ಒಬ್ಬೊಬ್ರೂ ತಮ್ಮ ಬದುಕಲ್ಲಿ ಆಗಿದ್ದನ್ನ ಮಾತ್ರ ಹೇಳ್ಬೇಕು, ಇನ್ನೊಬ್ರು ಹೇಳಿದ್ದಕ್ಕೆ ಎದುರುತ್ತರ ಕೊಡೋಹಾಗಿಲ್ಲ. (ನಮ್ಮೋರಿಗೆ ಕಷ್ಟ ಆಗೋದು ಇದೇ.)

ವೂಲ್ಮನ್ ಅಂತೂ ಓದ್ಲೇಬೇಕಾದ ಮನುಷ್ಯ. ನ್ಯೂಜೆರ್ಸಿಯ ಟೈಲರ್, 1720ರಲ್ಲಿ ಹುಟ್ಟಿದ್ದು. ಚಿಕ್ಕ ವಯಸ್ಸಲ್ಲಿ ಧಣಿ ಹೇಳಿದ ಅಂತ ಒಬ್ಬ ಗುಲಾಮ ಹೆಂಗಸಿನ ಕ್ರಯಪತ್ರ ಬರ್ಕೊಟ್ಟ, ಮನಸ್ಸು ಒಪ್ಲಿಲ್ಲ, ಮುಂದೆ ಅಂಥ ಕಾಗದ ಬರೆಯೋದನ್ನೇ ನಿಲ್ಸಿದ. ಆಮೇಲೆ ಗುಲಾಮರನ್ನ ಇಟ್ಕೊಂಡಿದ್ದ ಕ್ವೇಕರ್‌ಗಳ ಮನೆಗೇ ಹೋಗಿ ಉಳ್ಕೊಂಡು, ಜಗಳ ಇಲ್ದೆ ಮಾತಾಡ್ತಿದ್ದ, ಹೊರಡೋವಾಗ ಸೇವೆ ಮಾಡಿದ ಗುಲಾಮರಿಗೆ ದುಡ್ಡು ಕೊಡ್ತಿದ್ದ. ಪುಕ್ಕಟೆ ದುಡಿಮೆಯ ಊಟ ನಂಗೆ ಬೇಡ ಅಂತ ಆ ಯಜಮಾನನ ಮುಂದೇನೇ ಹೇಳಿದ ಹಾಗಲ್ವಾ! ಗುಲಾಮರ ದುಡಿಮೆಯಿಂದ ಬಂದ ಸಕ್ಕರೆನೂ ಬಿಟ್ಟ.

ಅಡ್ಡಮಾತು:
ಪೂರ್ತಿ ಹೇಳಿ ಸಾರ್. ಫಿಲಡೆಲ್ಫಿಯಾ ಹತ್ರದ ಜರ್ಮನ್‌ಟೌನಿನ ನಾಲ್ಕು ಜನ ಗುಲಾಮಗಿರಿ ತಪ್ಪು ಅಂತ ಕ್ವೇಕರ್ ಮೀಟಿಂಗ್‌ಗೆ ಬರ್ದುಕೊಟ್ಟಿದ್ದು 1688ರಲ್ಲಿ. ಇದು ನಮ್ ಕೈಲಾಗಲ್ಲ ಅಂತ ಒಂದು ಮೀಟಿಂಗ್‌ನೋರು ಇನ್ನೊಂದಕ್ಕೆ ದಾಟಿಸ್ತಾ ಹೋಗಿ ಕೊನೆಗೆ ಬದಿಗಿಟ್ರು. ಗುಲಾಮರನ್ನ ಇಟ್ಕೊಂಡೋರಿಗೆ ಸದಸ್ಯತ್ವ ಇಲ್ಲ ಅಂತ ಫಿಲಡೆಲ್ಫಿಯಾದೋರು ತೀರ್ಮಾನ ಮಾಡಿದ್ದು 1776ಕ್ಕೆ. ಪೆನ್ಸಿಲ್ವೇನಿಯಾ ಕಟ್ಟಿದ ಕ್ವೇಕರ್ ವಿಲಿಯಂ ಪೆನ್ ಹತ್ರಾನೇ ಗುಲಾಮರಿದ್ರು. ತೀರ್ಮಾನಕ್ಕೆ ಓಟು ಹಾಕಲ್ಲ, ಎಲ್ರ ಮನಸ್ಸೂ ಒಂದಾಗ್ಲಿ ಅಂತ ಕಾಯ್ತೀವಿ ಅಂತ ಕ್ವೇಕರ್‌ಗಳು ಅಂದ್ರೆ ಕೇಳೋಕೆ ಚೆಂದ, ಆ 88 ವರ್ಷ ಕಾದಿದ್ದು ಯಾರ ಮೈಮೇಲೆ?

ಮೂಲೆಮನೆ:
ಒಪ್ಪಿದೆ, ಇದಕ್ಕೆ ನನ್ನತ್ರ ಸಮಜಾಯಿಷಿ ಇಲ್ಲ. ಗುರುವಾರ ಈ ಪ್ರಶ್ನೆನೇ ಅಲ್ಲಿಡ್ಲಿ ಅಂತೀನಿ.

ತೆಂಗಿನಗರಿ:
ಈಗಿನ ವಿಷ್ಯ ಯಾರೂ ಹೇಳ್ಲಿಲ್ವಲ್ಲ. 2025 ಜನವರಿಲಿ ಪ್ರಾರ್ಥನಾ ಮಂದಿರಗಳಿಗೂ ಇಮಿಗ್ರೇಶನ್‌ನೋರು ನುಗ್ಬೋದು ಅಂತ ಸರ್ಕಾರ ನಿಯಮ ಸಡಿಲ ಮಾಡ್ದಾಗ ಕೋರ್ಟಿಗೆ ಹೋದೋರಲ್ಲಿ ಫಿಲಡೆಲ್ಫಿಯಾ ಇಯರ್ಲಿ ಮೀಟಿಂಗೂ (ಆ ಕಡೆಯ ಕ್ವೇಕರ್ ಮೀಟಿಂಗ್‌ಗಳ ಒಕ್ಕೂಟ) ಇತ್ತು, ಫೆಬ್ರವರಿಲಿ ಕೇಸ್ ಹಾಕಿದೋರ ಮಟ್ಟಿಗೆ ಜಡ್ಜ್ ತಡೆನೂ ಕೊಟ್ರು. ವೀಸಾ ಮೇಲಿರೋ ನಾವು ಅಷ್ಟಾದ್ರೂ ತಿಳ್ಕೊಂಡಿರ್ಬೇಕು.

ಕಾಫಿಪುಡಿ:
ಥ್ಯಾಂಕ್ಸ್ ಎಲ್ರಿಗೂ. ಅಡ್ಡಮಾತು ಅವ್ರೇ, ನಿಮ್ ಪ್ರಶ್ನೆ ಆಂಟಿಗೆ ಈಗ್ಲೇ ಕೇಳ್ದೆ. ಅದಕ್ಕೇ ಒಂದು ವಾರ ಇಟ್ಟಿದೀವಿ, ಆವತ್ತು ತಪ್ಪಿಸ್ಬೇಡ ಅಂದ್ರು. ಹೋಗ್ತೀನಿ. ಊಟ ಎಲ್ರೂ ಒಂದೊಂದು ತರ್ಬೇಕಂತೆ, ಪುಳಿಯೋಗರೆ ನಡೆಯತ್ತಾ, ಖಾರ ಆಗತ್ತಾ ಅವ್ರಿಗೆ?