ಹೈಡ್ರೋಜನ್ ಹಾಕಿ ಓಡಿಸಿದರೆ ಪಂಪ್‌ಸೆಟ್ ಇಂಜಿನ್ ಹಿಂದಕ್ಕೆ ಹೊಡೀತದೆ, ಯಾರಾದ್ರೂ ದಾರಿ ಹೇಳಿ

ಶಿರಸಿ_ತೋಟದಮನೆ:
ಮೂರು ವಾರದಿಂದ ಇದೇ ಗೋಳು. ಇಂಜಿನ್ ಚಾಲೂ ಆಗ್ತದೆ, ಅರ್ಧ ನಿಮಿಷ ಚೆಂದ ಓಡ್ತದೆ, ಆಮೇಲೆ ಏರ್‌ಫಿಲ್ಟರ್ ಕಡೆಯಿಂದ ಢಂ! ನಿನ್ನೆ ಫಿಲ್ಟರಿನ ಸ್ಪಂಜೇ ಸುಟ್ಟು ಕರಕಲಾಯ್ತು. ಕಿಡಿಯ ಟೈಮಿಂಗ್ ಸರಿ ಇದೆ.

ಕಾರವಾರ_ಬೋಟ್:
ಸ್ಪಾರ್ಕ್ ಪ್ಲಗ್ ಕೆಂಪಗೆ ಕಾಯ್ತಾ ಇದೆ. ಕೋಲ್ಡ್ ಪ್ಲಗ್, ಅಂದ್ರೆ ಬಿಸಿ ಬೇಗ ಬಿಟ್ಟುಕೊಡೋದು, ಹಾಕಿ. ಪ್ಲಾಟಿನಂ ತುದಿಯದ್ದು ಬೇಡವೇ ಬೇಡ.

ಶಿರಸಿ_ತೋಟದಮನೆ:
ಹಾಕಿದೆ. ಒಂದು ನಿಮಿಷ ಓಡಿ ಮತ್ತೆ ಢಂ.

ಕಾರವಾರ_ಬೋಟ್:
ಇನ್ನೂ ಒಂದು ನಂಬರ್ ಕೋಲ್ಡ್ ಹಾಕಿ. ಪ್ಲಗ್ಗೇ ಅದು.

ಕುಮಟಾ_ಮಾಸ್ತರ:
ಇಷ್ಟೆಲ್ಲ ಕಷ್ಟ ಎಂಥಕ್ಕೆ, ಕರೆಂಟ್ ಮೋಟರ್ ಇದೆಯಲ್ಲ? ಹೈಡ್ರೋಜನ್ ಇಂಜಿನಿಂದ ಮಾಲಿನ್ಯವೇ ಇಲ್ಲ ಅನ್ನೋದೂ ಪೂರ್ತಿ ನಿಜವಲ್ಲ. ಬೆಂಕಿಯ ಬಿಸಿಗೆ ಗಾಳಿಯೊಳಗಿನ ನೈಟ್ರೋಜನ್ನೇ ಆಕ್ಸೈಡ್ ಆಗಿ ಹೊರಬರ್ತದೆ.

ಕಾರವಾರ_ಬೋಟ್:
ಗಾಳಿ ಎರಡು ಪಟ್ಟು ಕೊಟ್ಟು ಓಡಿಸಿದರೆ ಅದು ತೀರಾ ಕಮ್ಮಿ. 2021ರಲ್ಲೇ ಟೊಯೋಟಾ ಜಪಾನಿನ ಫುಜಿಯ 24 ಗಂಟೆ ಕಾರ್ ರೇಸಿನಲ್ಲಿ ಹೈಡ್ರೋಜನ್ ಇಂಜಿನಿನ ಕೊರೊಲ್ಲಾ ಓಡಿಸಿದೆ. ನನ್ನ ಬೋಟಿನ ಆರು ಸಿಲಿಂಡರ್ ಡೀಸೆಲ್ ನಾನೇ ಬಿಚ್ಚಿ ಕಟ್ಟಿದ್ದು, ಫೋಟೋ ಹಾಕ್ತೇನೆ.

ಕುಮಟಾ_ಮಾಸ್ತರ:
ಅದು ರೇಸು. ತೋಟದ ಮಾತಾಡಿ.

ಯಲ್ಲಾಪುರ_ಗ್ಯಾರೇಜ್:
ತಡೀರಿ. ಯಾವ ಇಂಜಿನ್? ಗ್ಯಾಸ್ ಎಲ್ಲಿಂದ ಒಳಗೆ ಹೋಗ್ತದೆ? ಕಿಡಿ ಯಾವುದರಿಂದ?

ಶಿರಸಿ_ತೋಟದಮನೆ:
ಹೇಳಲಿಲ್ವಾ? ಅಡಕೆ ತೋಟದವರ ಹತ್ರ ಇರೋ ಸೀಮೆಎಣ್ಣೆ ಪಂಪ್‌ಸೆಟ್ಟೇ. ಒಂದೇ ಸಿಲಿಂಡರ್, ಫೋರ್ ಸ್ಟ್ರೋಕ್, ಕಿಡಿ ಫ್ಲೈವೀಲಿಗೆ ಕೂರಿಸಿದ ಮ್ಯಾಗ್ನೆಟಿಂದ. ಗ್ಯಾಸಿಗೆ ಗಾಳಿ ಬೆರೆಸೋಕೆ ಗೋಬರ್ ಗ್ಯಾಸಿನ ಮಿಕ್ಸರನ್ನೇ ಇಟ್ಟಿದ್ದೇನೆ. ಗೋಬರ್ ಗ್ಯಾಸಿನಲ್ಲಿ ನಾಲ್ಕು ವರ್ಷ ಒಂದು ಸಲವೂ ಹೀಗಾಗಿಲ್ಲ.

ಯಲ್ಲಾಪುರ_ಗ್ಯಾರೇಜ್:
ಅಲ್ಲೇ ಇದೆ ಮಾರಾಯ್ರೆ. ಆ ಆಯಸ್ಕಾಂತ ಪ್ರತಿ ಸುತ್ತಿಗೂ ಕಿಡಿ ಕೊಡ್ತದೆ, ಬೇಕಾದ್ದು ಎರಡು ಸುತ್ತಿಗೆ ಒಂದೇ. ಇನ್ನೊಂದು ಕಿಡಿ ಎಕ್ಸಾಸ್ಟ್ ಸ್ಟ್ರೋಕಿನ ಕೊನೆಗೆ, ಇನ್‌ಲೆಟ್ ವಾಲ್ವ್ ತೆರೆಯೋ ಹೊತ್ತಿಗೇ ಬೀಳ್ತದೆ. ಗೋಬರ್ ಗ್ಯಾಸಿನ ಮೀಥೇನ್ ಹೊತ್ತೋಕೆ ಸುಮಾರು 0.28 ಮಿಲಿಜೌಲ್ ಬೇಕು, ಹೈಡ್ರೋಜನ್‌ಗೆ 0.02 ಸಾಕು. ಗಾಳಿಯಲ್ಲಿ ಶೇ. 4ರಿಂದ 75ರವರೆಗೆ ಎಷ್ಟಿದ್ದರೂ ಹೊತ್ತುತ್ತದೆ. ನಿಮ್ಮಲ್ಲಿ ಮಿಕ್ಸರಿಂದ ವಾಲ್ವಿನವರೆಗೆ ಪೈಪ್ ತುಂಬ ಅದೇ ನಿಂತಿದೆ.

ಕ್ಯಾಮ್ (ವಾಲ್ವ್ ಎತ್ತೋದು, ಇಂಜಿನಿನ ಎರಡು ಸುತ್ತಿಗೆ ಒಂದೇ ಸಲ ತಿರುಗ್ತದೆ) ಕಡೆ ಸೆನ್ಸರ್ ಕೂರಿಸಿ ಬ್ಯಾಟರಿ ಕಾಯಿಲಿಂದ ಕಿಡಿ ಕೊಡಿ. ಗ್ಯಾಸನ್ನು ವಾಲ್ವಿನ ಬುಡದಲ್ಲಿ, ಮೊದಲು ಸ್ವಲ್ಪ ಬರೀ ಗಾಳಿ ಹೋದ ಮೇಲೆ, ಇಂಜೆಕ್ಟರಿಂದ ಬಿಡಿ. ಗ್ಯಾಸ್ ಲೈನಿಗೆ ಫ್ಲೇಮ್ ಅರೆಸ್ಟರ್, ಬೆಂಕಿ ಸಿಲಿಂಡರಿನ ಕಡೆ ಹೋಗದಂತೆ ತಡೆಯೋದು, ಇದೆಯಾ? ಶೆಡ್ಡಿನೊಳಗೆ ಓಡಿಸಬೇಡಿ, ಸೋರಿದ್ದು ಮಾಡಿನ ಅಡಿ ಸೇರ್ತದೆ. ಅದರ ಜ್ವಾಲೆ ಹಗಲಲ್ಲಿ ಕಾಣೋದೇ ಇಲ್ಲ.

ಶಿರಸಿ_ತೋಟದಮನೆ:
ಅರೆಸ್ಟರ್ ಇಲ್ಲ. ಹೈಡ್ರೋಜನ್ ಸಿಲಿಂಡರ್ ಬಂದ್ ಮಾಡಿ ದೂರ ಇಟ್ಟೆ, ಇಂಜಿನ್ ಅಂಗಳಕ್ಕೆ ತಂದೆ. ಮಿಕ್ಸರ್ ಕಳಚಿ, ವಾಲ್ವ್ ಕವರ್ ಬಿಚ್ಚಿ, ಪ್ಲಗ್ಗನ್ನು ಹೆಡ್ಡಿಗೆ ತಾಗಿಸಿ ಇಟ್ಟೆ. ತಮ್ಮ ಹಗ್ಗ ಎಳೆದ. ಎಕ್ಸಾಸ್ಟ್ ಮುಚ್ಚಿ ಇನ್‌ಲೆಟ್ ಏಳುವಾಗಲೂ ನೀಲಿ ಕಿಡಿ ಬಿತ್ತು, ನಾನೇ ನೋಡಿದೆ. ಕ್ಯಾಮ್ ಗೇರಿಗೆ ಸಣ್ಣ ಆಯಸ್ಕಾಂತ ಅಂಟಿಸಿದರೆ ಬಿಸಿ ಎಣ್ಣೆಯಲ್ಲಿ ನಿಲ್ತದಾ?

ಕಾರವಾರ_ಬೋಟ್:
ಪ್ಲಗ್ಗಿನ ನಂಬರ್ ಇನ್ನೂ ಹೇಳಲಿಲ್ಲ ನೀವು.