ಓಢಾಕ್ಕೆ (ಇಲ್ಲಿ ಹಳ್ಳಕ್ಕೆ ಹಂಗಂತಾರೆ) ಸಣ್ಣ ಮಣ್ಣಿನ ಒಡ್ಡು ಹಾಕ್ಸಬೇಕು, ಅನುಭವ ಇದ್ದೋರು ಹೇಳಿ

ಪುಣೆ ಹತ್ರ ಮುಳಶಿ ಕಡೆ ನಾವೊಂದಷ್ಟು ಕನ್ನಡದೋರು ಸೇರಿ ಪ್ಲಾಟ್ ತಗೊಂಡಿದೀವಿ. ಮಧ್ಯದಲ್ಲೇ ಓಢಾ ಹರಿಯುತ್ತೆ, ಜೋರು ಮಳೆ ಬಂದ್ರೆ ಕೆಳಗಿನ ಮನೆಗಳಿಗೆ ನೀರು ನುಗ್ಗುತ್ತೆ. ಮೇಲ್ಗಡೆ ಹತ್ತಡಿ ಮಣ್ಣಿನ ಒಡ್ಡು ಹಾಕಿದ್ರೆ ಆಗುತ್ತಾ? ಕಾಂಟ್ರಾಕ್ಟರ್ ಜೆಸಿಬಿ ಇದ್ರೆ ಒಂದೇ ವಾರ ಸಾಕು ಅಂತಾನೆ.

— ಸರ್, ಒಡ್ಡಿನ ಎತ್ತರ ಆಮ್ಯಾಲೆ ನೋಡೂಣ್ರಿ, ಮೊದ್ಲ ಕೋಡಿ, ಅಂದ್ರ ಹೆಚ್ಚಾದ ನೀರು ಹೊರಗ ಹೋಗೂ ದಾರಿ, ಎಲ್ಲಿ ಇಡ್ತೀರಿ ಹೇಳ್ರಿ. ಮಣ್ಣಿನ ಒಡ್ಡಿನ ಮ್ಯಾಲೆ ನೀರು ಹರೀತಂದ್ರ ನೀರು ಇಳಿಯೂ ಕೆಳಗಿನ ಬಾಜೂದ ಇಳಿಜಾರು ಕೊರಕೋತ ಬಂದು ಪೂರಾ ಒಡ್ಡು ಕೊಚ್ಚಿ ಹೋಗತೈತಿ. ಕೋಡಿ ಬಾಜೂಕ ಗಟ್ಟಿ ನೆಲದಾಗ ತಗೀರಿ, ಒಡ್ಡಿನ ತಲಿಗಿಂತ ಮೂರ್ನಾಕು ಅಡಿ ಕೆಳಗ ಇರ್ಲಿ. ನಾ ಕೆರಿ ಒಡ್ಡಿನ ಕೆಲಸದಾಗ ಸೂಪರ್‌ವೈಜರ್ ಇದ್ದೆ, ಮ್ಯಾಲಿನ ಹುಲ್ಲು ಬೇರು ಎಲ್ಲಾ ಕೆತ್ತಿ ತಗದು, ಗಟ್ಟಿ ನೆಲ ಸಿಗೂ ತನಕ ಉದ್ದಕ್ಕ ಕಂದಕ ತೋಡಿ ಜಿಗಟ ಎರಿ ಮಣ್ಣು ತುಂಬಿ, ಆಮ್ಯಾಲೆ ಅರ್ಧರ್ಧ ಅಡಿ ಹಾಸಿ ನೀರು ಹೊಡದು ರೋಲರ್ ಆಡಸ್ತಿದ್ವಿ, ಒಳಗ ಎರಿ ಮಣ್ಣು ಹೊರಗ ಮುರುಮು (ಗರಸು ಮಣ್ಣು). ಜೆಸಿಬಿ ಬಕೆಟ್ಟಿಂದ ಸುರುವಿ ಅದ್ರಿಂದನ ಬಡಿಯೂದಲ್ರಿ. ಒಂದು ವಾರ ಅಂದಾಂವಗ ರೋಲರ್ ಎಲ್ಲೈತಪಾ ಅಂತ ಕೇಳ್ರಿ.

— ಮೇಲಿನವ್ರು ಹೇಳಿದ್ದು ಸರಿ. ಇನ್ನೊಂದು, ನೀರು ತಡಿಯೋದಕ್ಕೇ ಒಡ್ಡು ಅಂದ್ರೆ ಹಿಂದೆ ನೀರು ನಿಲ್ಲೋ ಜಾಗ ಖಾಲಿ ಇರ್ಬೇಕು. ನಮ್ಮ ಲೇಔಟಲ್ಲಿ ಬೋರ್‌ವೆಲ್‌ಗೆ ಒಳ್ಳೇದು, ನೋಡೋಕೂ ಚಂದ ಅಂತ ಜೂನಲ್ಲೇ ತುಂಬಿಸಿಟ್ಕೊಂಡ್ರು, ಜುಲೈ ಮಳೆಗೆ ಅದು ಇದ್ದೂ ಇಲ್ದಂಗಾಯ್ತು. ತಳದಲ್ಲಿ ಗೇಟ್ ಇಲ್ಲದ ಪೈಪ್ ಇಡಿ, ಸಣ್ಣ ಮಳೆ ನೀರು ತಾನಾಗೇ ಹೋಗುತ್ತೆ, ದೊಡ್ಡದು ಬಂದಾಗ ಮಾತ್ರ ನಿಂತು ನಿಧಾನಕ್ಕೆ ಇಳಿಯುತ್ತೆ. ಆದ್ರೆ ಪೈಪ್ ಸುತ್ತ ಮಣ್ಣು ಗಟ್ಟಿ ಕೂರೋದು ಕಷ್ಟ, ನೀರು ಅದರ ಹೊರಮೈ ಹಿಡ್ಕೊಂಡೇ ಒಸರುತ್ತೆ. ಪುಣೆ ಹತ್ರದ ಪಾನ್‌ಶೇತ್ 1961ರ ಜುಲೈ 12ಕ್ಕೆ ಒಡೀತಲ್ಲ, ಅದೂ ಮಣ್ಣಿನ ಅಣೆಕಟ್ಟೇ, ಕೆಲಸ ಮುಗಿಯೋ ಮುಂಚೆನೇ ಮಳೆಗಾಲದ ನೀರು ತುಂಬ್ಕೊಂಡು, ನೀರು ಬಿಡೋ ಕೊಳವೆ ಮೇಲಿನ ಮಣ್ಣು ಕುಸಿದಿದ್ದು. ಹಾಗಾಗಿ ಕೆಲಸ ಶುರು ಮಾಡೋದಾದ್ರೆ ದೀಪಾವಳಿ ಆದ್ಮೇಲೆ ಮಾಡಿ, ಮೇ ತಿಂಗಳಲ್ಲಂತೂ ಬೇಡ.

— ಅಣ್ಣಾ, ಓಢಾ ನಿಮ್ಮ ಪ್ಲಾಟ್ ಮಧ್ಯ ಹರಿದ್ರೂ ಅದು ಸರ್ಕಾರದ್ದು, ತಹಶೀಲ್ದಾರ್ ಆಫೀಸಿಗೆ ಹೋಗ್ಲೇಬೇಕು. ಒಡ್ಡು ಒಡೆದು ಕೆಳಗಿನ ಊರಿಗೆ ನುಗ್ಗಿದ್ರೆ ಯಾರ ತಲೆ ಮೇಲೆ ಬರುತ್ತೆ ಯೋಚಿಸಿ. ರತ್ನಾಗಿರಿ ಜಿಲ್ಲೆ ಚಿಪಳೂಣ್ ತಾಲೂಕಿನ ತಿವರೆ ಅಣೆಕಟ್ಟು 2019ರ ಜುಲೈ 2ರ ರಾತ್ರಿ ಒಡೀತು, ಸೋರ್ತಿದೆ ಅಂತ ಊರವ್ರು ಮೊದಲೇ ದೂರು ಕೊಟ್ಟಿದ್ರು, ಆಮೇಲೆ ಮಂತ್ರಿಗಳು ಏಡಿ ಕೊರೆದಿದ್ದು ಅಂದ್ರು! ಒಡ್ಡಿನ ಮೇಲೆ ಮರ ಬೆಳೆಯೋಕೆ ಬಿಡ್ಬೇಡಿ, ಹುಲ್ಲು ಸಾಕು. ಒಸರೋ ನೀರು ತಿಳಿಯಾಗಿದ್ರೆ ಕಣ್ಣಿಟ್ಟಿರಿ, ಕಲಕಿ ಬಂತು ಅಂದ್ರೆ ಒಳಗಿನ ಮಣ್ಣು ಹೋಗ್ತಿದೆ, ಕೆಳಗಿನ ಮನೆಯವ್ರನ್ನ ಮೊದಲು ಹೊರಗೆ ಕರ್ಕೊಂಡು ಬನ್ನಿ.

— ಅದಿರ್ಲಿ, ರಸ್ತೆ ಕೆಳಗಿನ ಮೋರಿ ಎಷ್ಟಗಲ ಇದೆ?

— ಎರಡಡಿ ಪೈಪ್ ಒಂದೇ ಸರ್, ಅರ್ಧ ಮಣ್ಣು ತುಂಬಿದೆ. ಸರಿ, ಮೊದಲು ಅದನ್ನೇ ಬಿಡಿಸಿ ದೊಡ್ಡದು ಮಾಡೋ ದಾರಿ ನೋಡ್ತೀವಿ, ಒಡ್ಡು ಈ ಮಳೆಗಾಲ ಬೇಡ. ಮುಳಶಿ ಕಡೆ ಮಣ್ಣಿನ ಕೆಲಸ ಗೊತ್ತಿರೋ ಇಂಜಿನಿಯರ್ ಯಾರಾದ್ರೂ ಇದ್ರೆ ಹೇಳಿ.